ಗುಂಡಿಯಷ್ಟು ತೊಗಲು

ಕನ್ನಡ ಪಾಠ ಹೇಳುವವನಿಗೂ ಸ್ನೂಕರ್ ಆಟಕ್ಕೂ ಏನು ನಂಟು ಎಂದು ನನ್ನನ್ನು ಕೇಳದವರಿಲ್ಲ. ಕೇಳುವವರ ದನಿಯಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಮರುಕವಿರುತ್ತದೆ. ಹಳಗನ್ನಡದ ಮೇಷ್ಟ್ರು ಸಂಜೆಯ ಹೊತ್ತು ಚಾಮುಂಡಿ ಬೆಟ್ಟ ಹತ್ತಬಹುದು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಬಹುದು, ಇಸ್ಪೀಟಾಡಿದರೂ ಅಡ್ಡಿಯಿಲ್ಲ. ಆದರೆ ಹಸಿರು ಬನಾತು ಹಾಸಿದ ಹನ್ನೆರಡಡಿ ಉದ್ದದ ಮೇಜಿನ ಮುಂದೆ ಕೋಲು ಹಿಡಿದು ಬಗ್ಗಿ ನಿಲ್ಲುವುದು ಮಾತ್ರ ಅವನಿಗೆ ಶೋಭಿಸದು ಎಂಬುದು ಅವರ ಭಾವನೆ. ಅಂಥವರಿಗೆ ನಾನು ಊಟಿಯ ಕಥೆ ಹೇಳಿ ಬಾಯಿ ಮುಚ್ಚಿಸುತ್ತೇನೆ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. 1875ರ ಮಳೆಗಾಲದಲ್ಲಿ ಜಬಲ್‌ಪುರದ ಸೈನಿಕ ಠಾಣ್ಯದಲ್ಲಿ ಹೊತ್ತು ಹೋಗದೆ ಕುಳಿತಿದ್ದ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ, ಬಿಲಿಯರ್ಡ್ಸ್ ಮೇಜಿನ ಮೇಲೆ ಒಂದಷ್ಟು ಬಣ್ಣದ ಚೆಂಡುಗಳನ್ನು ಹೆಚ್ಚಾಗಿ ಇಟ್ಟು ಆಡಿದ್ದೇ ಇದರ ಆರಂಭವೆನ್ನುತ್ತಾರೆ. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ.) ಆಟದ ನಿಯಮಗಳು ಒಂದು ಕ್ರಮಕ್ಕೆ ಬಂದದ್ದು ಮುಂದಿನ ದಶಕದಲ್ಲಿ, ಊಟಿಯ ಕ್ಲಬ್ಬಿನಲ್ಲಿ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದರೆ ಸಿಕ್ಕುವ ನಮ್ಮ ಊಟಿ! ಹಾಗೆ ನೋಡಿದರೆ ಮೈಸೂರಿನವನಿಗೆ ಸ್ನೂಕರ್ ನೆರೆಮನೆಯ ಆಟ. ಹೆಸರಿನ ಕಥೆಯಂತೂ ಇನ್ನೂ ಸೊಗಸು. ವುಲಿಚ್ ಎಂಬಲ್ಲಿನ ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಹುಡುಗರನ್ನು ಹಿರಿಯರು ‘ಸ್ನೂಕರ್’ ಎಂದು ಹಂಗಿಸುತ್ತಿದ್ದರಂತೆ. ಒಬ್ಬ ಜೊತೆಗಾರ ಸುಲಭದ ಚೆಂಡೊಂದನ್ನು ತಪ್ಪಿಸಿದಾಗ ಚೇಂಬರ್ಲೇನ್ ಅವನನ್ನು ಆ ಹೆಸರಿನಿಂದ ಕರೆದನಂತೆ. ಅವನು ಮುನಿಸಿಕೊಂಡದ್ದನ್ನು ಕಂಡು, ‘ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ’ ಎಂದು ಸಮಾಧಾನ ಹೇಳಿದನಂತೆ. ಅಂದರೆ ಈ ಆಟದ ಹೆಸರೇ ‘ಹಸಿಬಿಸಿ ಹೊಸಬ’ ಎಂದು. ಇದನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ನನಗೆ ಈ ಗೀಳು ಹತ್ತಿದ್ದು 2003ರಲ್ಲಿ. ಬೆಂಗಳೂರಿನ ಪಂಕಜ್ ಅದ್ವಾನಿ ಹದಿನೆಂಟನೆಯ ವಯಸ್ಸಿಗೆ ಚೀನಾದಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪಟ್ಟ ಗೆದ್ದ ವರ್ಷ ಅದು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ನಾವು ನಾಲ್ವರು, ಅದೆಂಥ ಆಟ ನೋಡಿಯೇ ಬಿಡೋಣವೆಂದು ಹೋದೆವು. ಉಳಿದ ಮೂವರು ನೋಡಿ ಬಂದರು; ನಾನು ಅಲ್ಲಿಯೇ ಉಳಿದೆ ಎಂದರೂ ಸಲ್ಲುತ್ತದೆ.

ಇರಲಿ. ನಾನು ಹೇಳಹೊರಟದ್ದು ಆಟದ ವಿಷಯವಲ್ಲ. ಆಟದ ಕೋಲಿನ ತುದಿಗೆ ಅಂಟಿಸುವ, ಅಂಗಿಯ ಗುಂಡಿಯಷ್ಟೇ ಇರುವ ಒಂದು ತುಂಡು ತೊಗಲಿನ ವಿಷಯ. ಅದಕ್ಕೆ ಟಿಪ್ ಎಂದು ಹೆಸರು. ನಮ್ಮ ಕ್ಲಬ್ಬಿನ ಮಾರ್ಕರು ಅದನ್ನು ‘ಟಿಪ್ಪು’ ಎನ್ನುತ್ತಾರೆ. ಕನ್ನಡದ ಮೇಷ್ಟ್ರಾಗಿ ನಾನು ‘ಕೋಲ್ಮೊನೆ’ ಎಂದು ಒಂದು ಪದವನ್ನು ಚಲಾವಣೆಗೆ ತರಲು ನೋಡಿದೆ; ನನ್ನನ್ನು ಬಿಟ್ಟು ಯಾರೂ ಬಳಸಲಿಲ್ಲ. ಆದ್ದರಿಂದ ನಾನೂ ಟಿಪ್ಪು ಎಂದೇ ಬರೆಯುತ್ತೇನೆ.

ಹಿಂದೆ ಬಿಲಿಯರ್ಡ್ಸ್ ಕೋಲಿನ ತುದಿ ಬರಿಯ ಮರವಾಗಿತ್ತು. ಮರದ ತುದಿಯಿಂದ ಚೆಂಡಿನ ನಟ್ಟನಡುವೆ ಹೊಡೆದರೆ ಸರಿ. ಕೂದಲೆಳೆಯಷ್ಟು ಆಚೀಚೆಯಾದರೆ ಜಾರಿತು. 1807ರ ಸುಮಾರಿಗೆ ಮಿಂಗೋ ಎಂಬ ಫ್ರೆಂಚ್ ಕ್ಯಾಪ್ಟನ್ ಸೆರೆಮನೆಯಲ್ಲಿದ್ದಾಗ ಅದಕ್ಕೆ ತೊಗಲಿನ ತುಂಡೊಂದನ್ನು ಅಂಟಿಸಿ ನೋಡಿದನಂತೆ. ಅಭ್ಯಾಸ ಇನ್ನೂ ಮುಗಿಯಲಿಲ್ಲವೆಂದು, ಬಿಡುಗಡೆಯ ದಿನ ಬಂದಾಗ ಇನ್ನಷ್ಟು ಕಾಲ ಸೆರೆಯಲ್ಲಿಡಿರೆಂದು ಬೇಡಿಕೊಂಡನೆಂದೂ ಕಥೆಯಿದೆ. ಕಥೆ ಎಷ್ಟು ನಿಜವೋ, ತೊಗಲಿನ ಮಹಿಮೆಯಂತೂ ನಿಜ. ತೊಗಲು ಚೆಂಡನ್ನು ಒಂದು ಗಳಿಗೆ ಹಿಡಿದು ಬಿಡುತ್ತದೆ. ಆ ಹಿಡಿತದಿಂದಲೇ ಬಿಳಿ ಚೆಂಡು ಹೊಡೆದ ಮೇಲೆ ಹಿಂದಕ್ಕೆ ಬರುವುದು, ಪಕ್ಕಕ್ಕೆ ತಿರುಗುವುದು, ನಿಂತಲ್ಲೇ ನಿಲ್ಲುವುದು. ಹಿಡಿತ ಹೆಚ್ಚಲೆಂದು ತೊಗಲಿಗೆ ಸೀಮೆಸುಣ್ಣ ಉಜ್ಜುತ್ತೇವೆ. ಹೆಸರಿಗೆ ಅದು ಸೀಮೆಸುಣ್ಣ, ನಿಜವಾಗಿ ನುಣ್ಣನೆಯ ಮರಳಿನ ಜಾತಿಯದು. ಒಟ್ಟಿನಲ್ಲಿ ನನ್ನ ಬಾಳು ಸೀಮೆಸುಣ್ಣದಲ್ಲೇ ಸವೆಯಬೇಕೆಂದು ಬರೆದಿದೆ: ಹಗಲು ಬಿಳಿಯದು, ಸಂಜೆ ನೀಲಿಯದು.

ಕಳೆದ ವರ್ಷ ಜೂನ್ ತಿಂಗಳ ಒಂದು ಶನಿವಾರ. ಹೊರಗೆ ಮಳೆ. ನನ್ನ ಎದುರಾಳಿ ನಮ್ಮ ಕಾಲೇಜಿನಲ್ಲೇ ಇತಿಹಾಸ ಹೇಳುವ ಗೆಳೆಯರು. ಮೇಜಿನ ಮೇಲೆ ಉಳಿದದ್ದು ಗುಲಾಬಿ ಮತ್ತು ಕಪ್ಪು ಚೆಂಡುಗಳೆರಡೇ. ನಾನು ಎರಡು ಅಂಕ ಮುಂದಿದ್ದೆ. ಗುಲಾಬಿ ಬಿದ್ದರೆ ಆಟ ನನ್ನದು. ಬಗ್ಗಿ, ಉಸಿರು ಬಿಗಿಹಿಡಿದು ಹೊಡೆದೆ. ಹಂಚಿನ ಮೇಲೆ ಕಲ್ಲು ಬಿದ್ದಂತೆ ಒಂದು ಸದ್ದಾಯಿತು. ಬಿಳಿ ಚೆಂಡು ನನಗೆ ಸಂಬಂಧವಿಲ್ಲದ ದಿಕ್ಕಿಗೆ ಹೋಯಿತು. ಅದರ ಹಿಂದೆಯೇ ಕರಿಯ ಕಾಳಿನಂಥದೊಂದು ಬನಾತಿನ ಮೇಲೆ ಉರುಳಿತು.

‘ಟಿಪ್ಪು ಬಿತ್ತು, ಮೇಷ್ಟ್ರೇ’ ಎಂದರು ಮಾರ್ಕರು.

‘ಟಿಪ್ಪು ಬಿದ್ದದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣದಲ್ಲಿ’ ಎಂದು ಇತಿಹಾಸದವರು ಪಾಠದ ದನಿಯಲ್ಲೇ ಹೇಳಿ, ಗುಲಾಬಿಯನ್ನೂ ಕಪ್ಪನ್ನೂ ಒಂದಾದ ಮೇಲೊಂದು ಕೆಡವಿ, ಕೋಲನ್ನು ಗೋಡೆಗೆ ಒರಗಿಸಿದರು.

ಆ ಟಿಪ್ಪು ನನ್ನ ಕೋಲಿನ ಮೇಲೆ ನಾಲ್ಕು ವರ್ಷ ಇದ್ದಿತು. ಸವೆದು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಅದರ ಹದ ನನ್ನ ಕೈಗೆ ಎಷ್ಟು ಒಗ್ಗಿತ್ತೆಂದರೆ ಅದೊಂದು ಇದೆಯೆಂಬುದೇ ಮರೆತುಹೋಗಿತ್ತು. ಹೊಸದು ಹಾಕಿಸೋಣವೆಂದರೆ ಮಾರ್ಕರು ಮಾರನೆಯ ದಿನವೇ ಮಗಳ ಮದುವೆಯ ಕೆಲಸಕ್ಕೆಂದು ಊರಿಗೆ ಹೊರಟರು. ಬರುವುದು ಹತ್ತು ದಿನ. ಹತ್ತು ದಿನ ಕಾಯುವಷ್ಟು ತಾಳ್ಮೆ ನನಗಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇತಿಹಾಸದವರು ಒಂದು ಸುದ್ದಿ ತಂದರು. ಅಮೆರಿಕದಲ್ಲಿ ಕೆಲವರು ಟಿಪ್ಪನ್ನು ರಾತ್ರಿಯೆಲ್ಲ ಹಾಲಿನಲ್ಲಿ ನೆನೆಸಿ, ಆಮೇಲೆ ಬಿಗಿಯಾಗಿ ಒತ್ತಿ ಒಣಗಿಸುತ್ತಾರೆ. ಹಾಲು ಒಣಗಿ ತೊಗಲು ಗಟ್ಟಿಯಾಗುತ್ತದೆ, ಬಹುಕಾಲ ಆಕಾರ ಕೆಡದು ಎಂದು. ನಾನು ಕ್ಲಬ್ಬಿನಿಂದ ಮೂರು ಟಿಪ್ಪು ತಂದು ಒಂದು ಲೋಟ ಹಾಲಿಗೆ ಹಾಕಿ ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟೆ. ಬೆಳಗ್ಗೆ ನನ್ನಾಕೆ ಕಾಫಿಗೆಂದು ಆ ಲೋಟವನ್ನೇ ಎತ್ತಿಕೊಂಡಳು.

‘ಏನ್ರೀ ಇದು, ಹಾಲಿನಲ್ಲಿ?’

ನಾನು ಸತ್ಯವನ್ನೇ ಹೇಳಿದೆ.

‘ಉದ್ದಿನಬೇಳೆ ನೆನೆಹಾಕುವ ಮನೆ ಇದು. ಚರ್ಮ ನೆನೆಹಾಕುವುದಾದರೆ ಬೇರೆ ಮನೆ ನೋಡಿಕೊಳ್ಳಿ’ ಎಂದಳು. ಆ ಲೋಟ ಅಂದಿನಿಂದ ಅಡುಗೆಮನೆಯಿಂದ ಬಹಿಷ್ಕೃತವಾಗಿ ಬಚ್ಚಲಿನ ಗೂಡಿನಲ್ಲಿ ವಾಸವಾಗಿದೆ. ಟಿಪ್ಪುಗಳನ್ನು ನಾನು ಎರಡು ಹಲಗೆಗಳ ನಡುವೆ ಇಟ್ಟು, ಹಿತ್ತಿಲಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ರುಬ್ಬುವ ಕಲ್ಲಿನ ಕೆಳಗೆ ಎರಡು ದಿನ ಒತ್ತಿದೆ. ಗಟ್ಟಿಯಾದದ್ದು ನಿಜ. ಆದರೆ ಅಂಟಿಸುವ ವಿದ್ಯೆ ನನಗೆ ತಿಳಿದಿರಲಿಲ್ಲ. ಈರುಳ್ಳಿ ಹೆಚ್ಚುವ ಚಾಕುವಿನಿಂದ ಅಂಚು ಕತ್ತರಿಸಲು ಹೋಗಿ ಬೆರಳು ಕೊಯ್ದುಕೊಂಡೆ. ಟಿಪ್ಪು, ಓರೆಯಾಗಿ ಟೋಪಿ ಇಟ್ಟ ಪೋಲೀಸಿನವನಂತೆ ಕೋಲಿನ ತುದಿಯಲ್ಲಿ ಕುಳಿತಿತು. ಎರಡನೆಯ ದಿನ ಅದೂ ಬಿತ್ತು.

ಮಾರ್ಕರು ಊರಿನಿಂದ ಬಂದರು, ಕೋಲನ್ನು ನೋಡಿದರು, ಏನೂ ಅನ್ನಲಿಲ್ಲ. ಸುಮಾರು ಅರವತ್ತು ವಯಸ್ಸಿನ ಅವರು ಈ ಕ್ಲಬ್ಬಿನಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಗೋಡೆಯ ಬೀರುವಿನಿಂದ ಒಂದು ರಟ್ಟಿನ ಡಬ್ಬಿ ತೆಗೆದರು. ಎಲ್ಕ್ ಮಾಸ್ಟರ್ ಎಂಬ ಅಮೆರಿಕದ ಸರಕು, ಡಬ್ಬಿಗೆ ಐವತ್ತು. ಒಂದೊಂದನ್ನೇ ಕಿಟಕಿಯ ಕಲ್ಲಿನ ಮೇಲೆ ಗೇಣೆತ್ತರದಿಂದ ಕೆಡವಿ ಕಿವಿಗೊಟ್ಟು ಕೇಳಿದರು. ಕೆಲವು ಸಪ್ಪಗೆ ಬಿದ್ದವು, ಕೆಲವು ಪುಟಿದವು. ನನ್ನ ಕಿವಿಗೆ ಎಲ್ಲವೂ ಒಂದೇ. ಅವರು ಹದಿನೈದು ಇಪ್ಪತ್ತನ್ನು ಹೀಗೆ ಪರೀಕ್ಷಿಸಿ ಮೂರನ್ನು ಬೇರೆಯಿಟ್ಟರು. ಮೂರಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡಿ ಒಂದನ್ನು ಉಳಿಸಿಕೊಂಡರು.

‘ಒಂದೇ ಡಬ್ಬಿಯದಲ್ಲವೇ? ಏನು ವ್ಯತ್ಯಾಸ?’ ಎಂದೆ.

‘ತೆಂಗಿನಕಾಯಿ ತಟ್ಟಿ ನೋಡಲ್ವಾ, ಮೇಷ್ಟ್ರೇ? ಒಂದೇ ಮರದ್ದಾದರೂ?’

ಆಮೇಲೆ ಕೆಲಸಕ್ಕೆ ಕುಳಿತರು. ಕೋಲಿನ ತುದಿಯ ಹಿತ್ತಾಳೆಯ ಬಳೆಯ ಮೇಲೆ ಉಳಿದಿದ್ದ ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆದು, ಅದನ್ನು ಬೆಳಕಿಗೆ ಹಿಡಿದು, ಮಟ್ಟಸವಾಯಿತೆಂದು ಖಚಿತಪಡಿಸಿಕೊಂಡರು. ಟಿಪ್ಪಿನ ಅಡಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಸಮ ಮಾಡಿದರು. ಬಳೆಯ ಅಗಲ ಒಂಬತ್ತೂವರೆ ಮಿಲಿಮೀಟರ್, ಟಿಪ್ಪು ಹತ್ತು. ಹೆಚ್ಚಿನ ಆ ಅರ್ಧ ಮಿಲಿಮೀಟರ್ ಕತ್ತರಿಸಿ ತೆಗೆಯುವುದಕ್ಕೇ ಇರುವುದು. ಅಂಟು ಒಂದೇ ತೊಟ್ಟು. ಹೆಚ್ಚಾದರೆ ತೊಗಲು ಕುಡಿದು ಕಲ್ಲಾಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಕೋಲನ್ನು ತಲೆಕೆಳಗಾಗಿ ಹಲಗೆಯ ಮೇಲೆ ನಿಲ್ಲಿಸಿ, ಸುತ್ತಲೂ ಹೊಸ ಬ್ಲೇಡಿನಿಂದ ಕೆಳಮುಖವಾಗಿ ಅಂಚನ್ನು ಸವರಿದರು. ಅರದಿಂದ ನೆತ್ತಿಯನ್ನು ಗುಂಡಗೆ ಮಾಡಿದರು. ಕೊನೆಗೆ ಅಂಚಿಗೆ ನಾಲಗೆಯ ತೇವ ಹಚ್ಚಿ ಹಳೆಯ ಬೆಲ್ಟಿನ ತುಂಡಿನಿಂದ ಹೊಳಪು ಬರುವ ತನಕ ತಿಕ್ಕಿದರು. ಮುಗಿದ ಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು ಹೇಳಿದರು:

‘ಮೂರು ವಾರ ಇದರ ಹತ್ತಿರ ಏನೂ ಕೇಳಬೇಡಿ, ಮೇಷ್ಟ್ರೇ. ಬಿಳಿ ಚೆಂಡು ಹೋಗಿ ಬರಲಿ, ಅಷ್ಟೆ.’

ಹೋಗಿ ಬರಲಿ ಎಂದರೆ ಇಷ್ಟೆ. ಕಂದು ಚೆಂಡಿನ ಚುಕ್ಕೆಯ ಮೇಲೆ ಬಿಳಿ ಚೆಂಡನ್ನು ಇಡುವುದು. ನೀಲಿ, ಗುಲಾಬಿ, ಕಪ್ಪು ಚುಕ್ಕೆಗಳ ಮೇಲೆ ಹಾಯ್ದು ಅದು ಎದುರಿನ ಅಂಚಿಗೆ ಬಡಿದು, ಬಂದ ದಾರಿಯಲ್ಲೇ ಹಿಂತಿರುಗಿ ಕೋಲಿನ ತುದಿಯನ್ನು ಮುಟ್ಟಬೇಕು. ಮತ್ತೆ ಹೊಡೆಯುವುದು. ಹೀಗೆ ದಿನಕ್ಕೆ ಐವತ್ತು ಸಲ, ನೂರು ಸಲ. ಹೊಸ ತೊಗಲು ಪೆಟ್ಟು ತಿಂದು ತಿಂದು ಅದುಮಿಕೊಳ್ಳುತ್ತದೆ. ಅದುಮಿದ ಹಾಗೆ ಅಂಚು ನಾಯಿಕೊಡೆಯಂತೆ ಹೊರಕ್ಕೆ ಹರಡುತ್ತದೆ. ಆ ಅಂಚನ್ನು ಮತ್ತೆ ಸವರಬೇಕು. ಎರಡು ಮೂರು ಸಲ ಹೀಗಾದ ಮೇಲೆ ತೊಗಲು ಇನ್ನು ಕುಗ್ಗಲಾರೆ ಎನ್ನುವ ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದು ಇವತ್ತೊಂದು ರೀತಿ, ನಾಳೆಯೊಂದು ರೀತಿ. ಸೀಮೆಸುಣ್ಣ ಹಿಡಿಯದು. ಪೆಟ್ಟಿನ ಸದ್ದು ಒದ್ದೆ ಗೋಡೆಗೆ ಗುದ್ದಿದ ಹಾಗೆ.

ನಾನು ಐವತ್ತು ಸಲ ಹೊಡೆದದ್ದು ಮೊದಲ ದಿನ ಮಾತ್ರ. ಎರಡನೆಯ ದಿನ ಇಪ್ಪತ್ತು. ಮೂರನೆಯ ದಿನ ಇತಿಹಾಸದವರು ಬಂದರು, ಆಟಕ್ಕೆ ನಿಂತೆ. ನಾಲ್ಕು ಸಲ ಕೋಲು ಜಾರಿತು. ಮೂರಕ್ಕೆ ಮೂರೂ ಆಟ ಸೋತೆ. ಅವರು ಮಾಮೂಲಿನಂತೆ ಒಂದು ಇಸವಿಯನ್ನು ಉದಾಹರಿಸಿದರು. ನನಗೆ ರೇಗಿತು. ಮಾರನೆಯ ದಿನವೇ, ಹಂದಿಯ ತೊಗಲಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿ ಮಾಡಿದ ಜಪಾನಿನ ಟಿಪ್ಪೊಂದನ್ನು ತರಿಸಿದೆ. ಆ ಒಂದರ ಬೆಲೆಗೆ ಹೆಚ್ಚುಕಡಿಮೆ ಮಾರ್ಕರ ಐವತ್ತರ ಡಬ್ಬಿಯೇ ಬರುತ್ತಿತ್ತು. ಅಂಥದು ಬಹುಮಟ್ಟಿಗೆ ಪಳಗಿಯೇ ಬರುತ್ತದೆಂದು ಕೇಳಿದ್ದೆ. ಅದು ಯಾವ ಪ್ರಾಣಿಯ ತೊಗಲೆಂಬುದನ್ನು ಮಾತ್ರ ಮನೆಯಲ್ಲಿ ಈ ತನಕ ಹೇಳಿಲ್ಲ.

‘ಇದನ್ನು ತೆಗೆದು ಅದನ್ನು ಹಾಕಿ’ ಎಂದೆ.

ಮಾರ್ಕರು ಕೋಲನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ‘ನಾಲ್ಕು ದಿನ ಆಯ್ತಷ್ಟೆ’ ಎಂದರು. ನಾನು ಮಾತಾಡಲಿಲ್ಲ. ‘ನಿಮ್ಮ ಕೋಲು, ನಿಮ್ಮಿಷ್ಟ’ ಎಂದು ಬ್ಲೇಡು ತೆಗೆದುಕೊಂಡರು. ಬುಡದಿಂದ ಬಿಡಿಸಿದ ಟಿಪ್ಪನ್ನು ನಾನೇ ಅವರೆದುರಿಗೆ ಕಸದ ಡಬ್ಬಿಗೆ ಎಸೆದೆ.

ಜಪಾನಿನ ಟಿಪ್ಪು ಒಳ್ಳೆಯದೇ. ಅದನ್ನು ದೂರಿದರೆ ನಾಲಗೆ ಸೇದೀತು. ಆದರೆ ಸಂಶಯದ ಗಂಡನಿಗೆ ಎಂಥ ಹೆಂಡತಿಯಾದರೇನು? ಒಂದು ಚೆಂಡು ತಪ್ಪಿದರೆ ನೆತ್ತಿ ಚಪ್ಪಟೆಯಾಯಿತೆಂದು ಅರ ಉಜ್ಜುವೆ. ಇನ್ನೊಂದು ತಪ್ಪಿದರೆ ಗುಂಡಗಾಯಿತು ಹೆಚ್ಚೆಂದು ಮತ್ತೆ ಉಜ್ಜುವೆ. ತಿಂಗಳಾಗುವುದರೊಳಗೆ ಅದರ ಪದರಗಳಲ್ಲಿ ಅರ್ಧ ಪುಡಿಯಾಗಿ ಹೋಗಿತ್ತು.

ಆಗಸ್ಟಿನಲ್ಲಿ ಕ್ಲಬ್ಬಿನ ವಾರ್ಷಿಕ ಪಂದ್ಯ. ಮೊದಲ ಸುತ್ತಿನಲ್ಲಿ ನನಗೆ ಸಿಕ್ಕಿದವನು ಎರಡು ತಿಂಗಳ ಹಿಂದೆ ಸದಸ್ಯನಾದ ಒಬ್ಬ ಹುಡುಗ. ಶುದ್ಧ ‘ಸ್ನೂಕರ್’. ಅವನಿಗೆ ಸ್ವಂತ ಕೋಲೂ ಇರಲಿಲ್ಲ. ಗೋಡೆಯ ಗೂಟದಿಂದ ನಾಲ್ಕನೆಯ ನಂಬರಿನದನ್ನು ಎತ್ತಿಕೊಂಡು ಬಂದ. ನಾಲ್ಕನೆಯ ನಂಬರನ್ನು ಕ್ಲಬ್ಬಿನಲ್ಲಿ ಅರಿಯದವರಿಲ್ಲ. ಮೇಜಿನ ಮೇಲೆ ಉರುಳಿಸಿದರೆ ಕುಂಟುತ್ತ ಉರುಳುವ ಕೋಲು ಅದು. ನನಗೆ ಅವನ ಮೇಲೆ ಕನಿಕರವೇ ಉಂಟಾಯಿತು.

ಕನಿಕರ ಮೊದಲ ಆಟದ ಅರ್ಧದವರೆಗೆ ಉಳಿಯಿತು. ಹುಡುಗನ ಕೈಯಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಆದರೆ ಅವನ ಪೆಟ್ಟಿನ ಸದ್ದು ನನ್ನನ್ನು ಕಾಡತೊಡಗಿತು. ದುಂಡನೆಯ, ಅಡಕವಾದ, ನೀರಿಗೆ ಅಡಕೆ ಬಿದ್ದಂಥ ಸದ್ದು. ಅವನು ಹೇಳಿದಲ್ಲಿ ಬಿಳಿ ಚೆಂಡು ನಿಲ್ಲುತ್ತಿತ್ತು. ಒಂದು ಆಟ ಅವನದು, ಒಂದು ನನ್ನದು. ಮೂರನೆಯದರಲ್ಲಿ ಕಪ್ಪು ಚೆಂಡೊಂದೇ ಉಳಿಯಿತು. ನನ್ನ ಕೋಲು ಜಾರಿತು; ಅವನದು ಜಾರಲಿಲ್ಲ.

ಕೈ ಕುಲುಕಿದ ಮೇಲೆ ನಾಲ್ಕನೆಯ ನಂಬರನ್ನು ಇಸಿದುಕೊಂಡು ತುದಿಯನ್ನು ನೋಡಿದೆ. ನೆತ್ತಿ ಸೀಮೆಸುಣ್ಣವನ್ನು ಹೀರಿಕೊಂಡು ಕಡುನೀಲಿಯಾಗಿತ್ತು. ಅಂಚು ಎಣ್ಣೆ ಹಚ್ಚಿದ ಬಾಗಿಲಿನಂತೆ ಹೊಳೆಯುತ್ತಿತ್ತು.

‘ಈ ಟಿಪ್ಪು ಯಾವಾಗ ಹಾಕಿದಿರಿ?’ ಎಂದು ಮಾರ್ಕರನ್ನು ಕೇಳಿದೆ.

ಅವರು ಅಂಕದ ಹಲಗೆ ಒರೆಸುತ್ತಿದ್ದರು. ತಿರುಗದೆಯೇ ಹೇಳಿದರು: ‘ಅದು ನಿಮ್ಮದೇ, ಮೇಷ್ಟ್ರೇ. ಡಬ್ಬಿಯಲ್ಲಿ ಬಿದ್ದಿತ್ತು. ಅಡಿ ಉಜ್ಜಿ ಹಾಕಿದೆ. ನಾಲ್ಕನೇದರ ಮೂತಿ ಒಂಚೂರು ಸಣ್ಣದು, ಸರಿಹೋಯ್ತು.’

‘ಅಷ್ಟು ಚೆನ್ನಾಗಿ ಹೇಗೆ ಪಳಗಿತು?’

‘ಏನೂ ಮಾಡಲಿಲ್ಲ. ಬಂದವರೆಲ್ಲ ಆಡಿದರು, ಹೋದರು. ಗೂಟದ ಕೋಲು; ಅದರಿಂದ ಯಾರು ಏನು ಬಯಸ್ತಾರೆ? ಹೀಗಾಗಿ ಅದಕ್ಕೆ ಪುರುಸೊತ್ತು ಸಿಕ್ಕಿತು.’

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗುವ ವಿಷಯ. ಇತಿಹಾಸದವರಂತೂ ಇಂದಿಗೂ ನಗುತ್ತಾರೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಿಗೆ ಬಂದದ್ದು ಟಿಪ್ಪಲ್ಲ.

ಏಳೆಂಟು ವರ್ಷಗಳ ಹಿಂದೆ ಬಿ.ಎ. ಮೊದಲ ವರ್ಷದ ಐಚ್ಛಿಕ ಕನ್ನಡಕ್ಕೆ ಒಬ್ಬ ಹುಡುಗ ಸೇರಿದ್ದ. ಹೆಗ್ಗಡದೇವನಕೋಟೆಯ ಕಡೆಯವನು. ದಿನವೂ ಬಸ್ಸಿನಲ್ಲಿ ಬರುತ್ತಿದ್ದ. ಮೊದಲ ಗಂಟೆಗೆ ಯಾವಾಗಲೂ ತಡ. ಹಳಗನ್ನಡದ ಒಂದು ಪದ್ಯ ಓದೆಂದರೆ ಕಲ್ಲಿನ ಮೇಲೆ ಗಾಡಿ ಹೋದಂತೆ ಓದುತ್ತಿದ್ದ. ಮೊದಲ ಕಿರುಪರೀಕ್ಷೆಯಲ್ಲಿ ಎರಡು ಪುಟವೂ ತುಂಬಲಿಲ್ಲ. ಅವನು ಬರೆದುದರಲ್ಲಿ ನನಗೆ ಕಂಡದ್ದು ಕಾಗುಣಿತದ ತಪ್ಪು ಮಾತ್ರ. ಉತ್ತರಪತ್ರಿಕೆ ಹಿಂದಿರುಗಿಸುವಾಗ ಅವನನ್ನು ಬದಿಗೆ ಕರೆದು, ‘ಇದು ನಿನಗೆ ಒಗ್ಗುವ ಹಾಗೆ ಕಾಣುವುದಿಲ್ಲಪ್ಪ. ವಿಷಯ ಬದಲಾಯಿಸಲು ಇನ್ನೂ ಒಂದು ವಾರ ಅವಕಾಶವಿದೆ. ಬೇರೆ ಏನಾದರೂ ತೆಗೆದುಕೋ’ ಎಂದೆ. ಹಿತವನ್ನೇ ಹೇಳಿದೆನೆಂದು ನಂಬಿದ್ದೆ. ದನಿಯೂ ಮೆದುವಾಗಿಯೇ ಇತ್ತು. ಅವನು ‘ಆಗಲಿ ಸಾರ್’ ಎಂದ. ಅರ್ಜಿ ತಂದಾಗ ನಾನೇ ರುಜು ಹಾಕಿದೆ.

ಕಾಲೇಜು ತೆರೆದು ಆಗ ಮೂರು ವಾರವೂ ಆಗಿರಲಿಲ್ಲ.

ಆಮೇಲೆ ಮೂರು ವರ್ಷ ಪಡಸಾಲೆಯಲ್ಲಿ ಎದುರಾದಾಗಲೆಲ್ಲ ಅವನು ಪಕ್ಕಕ್ಕೆ ಸರಿದು ನಮಸ್ಕಾರ ಹೇಳುತ್ತಿದ್ದ. ಒಂದು ದಿನ ಗ್ರಂಥಾಲಯದ ಕನ್ನಡ ಕಪಾಟಿನ ಮುಂದೆ ನಿಂತಿದ್ದವನು ನನ್ನನ್ನು ಕಂಡು ಕೈಯಲ್ಲಿದ್ದ ಪುಸ್ತಕವನ್ನು ಹಿಂದಕ್ಕೆ ಇಟ್ಟುಬಿಟ್ಟ. ಯಾವ ಪುಸ್ತಕ ಎಂದು ನಾನು ನೋಡಲಿಲ್ಲ. ಆ ರಾತ್ರಿ, ಹಾಸಿಗೆಯ ಮೇಲೆ ಹೊರಳುತ್ತ, ನನಗೆ ತಿಳಿಯಬೇಕೆನಿಸಿದ್ದು ಅದೊಂದೇ. ಅವನು ಈಗ ಎಲ್ಲಿದ್ದಾನೋ, ಏನಾಗಿದ್ದಾನೋ. ಡಬ್ಬಿಯಿಂದ ಎತ್ತಿಕೊಳ್ಳುವ ಮಾರ್ಕರು ಅವನಿಗೆ ಸಿಕ್ಕಿದರೋ ಇಲ್ಲವೋ. ಟಿಪ್ಪಿನ ಕಥೆಗೆ ಒಂದು ಕೊನೆಯಿತ್ತು. ಈ ಕಥೆಗೆ ನನ್ನ ಬಳಿ ಕೊನೆಯಿಲ್ಲ.

ಮುಂದಿನ ಶನಿವಾರ ಕ್ಲಬ್ಬಿಗೆ ಹೋಗಿ ಮಾರ್ಕರನ್ನು ಕೇಳಿದೆ, ನಾಲ್ಕನೆಯದರ ಟಿಪ್ಪನ್ನು ನನ್ನ ಕೋಲಿಗೆ ಹಾಕಿಕೊಡಿ ಎಂದು. ಕೇಳುವಾಗಲೇ ನಾಚಿಕೆಯಾಯಿತು. ಅವರು ತಲೆಯಾಡಿಸಿದರು.

‘ಬೇಡಿ, ಮೇಷ್ಟ್ರೇ. ಅದು ಆ ಮೂತಿಗೆ ಕೂತಿದೆ. ನಿಮ್ಮದಕ್ಕೆ ಸಣ್ಣದಾಗುತ್ತೆ ಈಗ’ ಎಂದು ಮತ್ತೆ ಬೀರುವಿನ ಬಾಗಿಲು ತೆರೆದರು.

ಈ ಸಲ ಕಿಟಕಿಯ ಕಲ್ಲಿನ ಮೇಲೆ ಟಿಪ್ಪುಗಳನ್ನು ಕೆಡವಿದವನು ನಾನು. ಹತ್ತು ಕೆಡವಿದ ಮೇಲೂ ನನಗೆ ಎರಡೇ ಬಗೆಯ ಸದ್ದು ಕೇಳಿಸಿತು. ಮಾರ್ಕರಿಗೆ ಐದಾರು ಬಗೆ ಕೇಳಿಸಿತಂತೆ. ಅಂಟು ಹಚ್ಚಿದವರು ಅವರು. ನೆತ್ತಿ ಉಜ್ಜಿದವನು ನಾನು. ಆಮೇಲೆ ಮೂರು ವಾರ ಇತಿಹಾಸದವರನ್ನು ಆಟಕ್ಕೆ ಕರೆಯಲಿಲ್ಲ. ಕಾಲೇಜು ಮುಗಿಸಿ ಸಂಜೆ ಐದಕ್ಕೆ ಹೋಗುವುದು, ಒಬ್ಬನೇ ನಿಂತು ಬಿಳಿ ಚೆಂಡನ್ನು ಕಳಿಸುವುದು, ಬರಮಾಡಿಕೊಳ್ಳುವುದು. ಮೊದಲ ವಾರ ಅದು ಬಂದದ್ದು ಎಡಕ್ಕೆ. ಟಿಪ್ಪಿನ ತಪ್ಪೆಂದುಕೊಂಡೆ. ಎರಡನೆಯ ವಾರವೂ ಎಡಕ್ಕೇ ಬಂತು. ಆಗ ನನ್ನ ಮೊಣಕೈಯನ್ನು ನೋಡಿಕೊಂಡೆ. ಹೊಡೆಯುವ ಗಳಿಗೆಯಲ್ಲಿ ಅದು ಹೊರಕ್ಕೆ ವಾಲುತ್ತಿತ್ತು. ನಾಲ್ಕು ವರ್ಷ ಆ ಹಳೆಯ ಟಿಪ್ಪು ನನ್ನ ಈ ದೋಷವನ್ನು ಮುಚ್ಚಿಕೊಂಡು ನನ್ನ ಮಾನ ಕಾಪಾಡಿತ್ತೆಂದು ತೋರುತ್ತದೆ. ಹೊಸದಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ಅದೇ ದಿನಗಳಲ್ಲಿ ಮೊದಲ ವರ್ಷದ ತರಗತಿಯಲ್ಲಿ ಒಬ್ಬಳು ಹುಡುಗಿ ಪದ್ಯವೊಂದನ್ನು ಓದುತ್ತ ಒಂದೇ ಸಾಲಿನಲ್ಲಿ ಮೂರು ಕಡೆ ಎಡವಿದಳು. ಹಿಂದಿನ ಬೆಂಚಿನವರು ನಕ್ಕರು. ನನ್ನ ಬಾಯಿಯಲ್ಲಿ ‘ಕೂತುಕೋ’ ಎಂಬ ಮಾತು ಬಂದೇಬಿಟ್ಟಿತ್ತು. ‘ಇನ್ನೊಂದು ಸಲ ಓದಮ್ಮ, ಅವಸರವಿಲ್ಲ’ ಎಂದೆ. ಎರಡು ಕಡೆ ಎಡವಿದಳು. ಮಾರನೆಯ ದಿನವೂ ಅವಳಿಂದಲೇ ಓದಿಸಿದೆ. ಅವಳು ಮುಂದೆ ಏನಾಗುತ್ತಾಳೆಂದು ನಾನು ಹೇಳಲಾರೆ. ಹೇಳುವ ಕಾಲವೂ ಇದಲ್ಲ.

ಮೂರನೆಯ ವಾರದ ಕೊನೆಗೆ ಮಾರ್ಕರು ನನ್ನ ಕೋಲನ್ನು ತೆಗೆದುಕೊಂಡು, ಹರಡಿದ್ದ ಅಂಚನ್ನು ಎರಡನೆಯ ಸಲ ಸವರಿದರು. ಬೆಲ್ಟಿನ ತುಂಡಿನಿಂದ ತಿಕ್ಕಿ, ಹೆಬ್ಬೆರಳಿನ ಉಗುರು ಒತ್ತಿ ನೋಡಿದರು. ಉಗುರಿನ ಗುರುತು ಬೀಳಲಿಲ್ಲ.

‘ಇನ್ನು ಕೇಳಬಹುದು, ಮೇಷ್ಟ್ರೇ’ ಎಂದರು.

ಇತಿಹಾಸದವರು ಆಗಲೇ ಬಂದು ಕೆಂಪು ಚೆಂಡುಗಳನ್ನು ಜೋಡಿಸಿ ನಿಂತಿದ್ದರು. ‘ಒಂದು ಐದು ನಿಮಿಷ ತಾಳಿ’ ಎಂದು ಅವರಿಗೆ ಹೇಳಿ, ಕೋಲು ತೆಗೆದುಕೊಂಡು ಪಕ್ಕದ ಖಾಲಿ ಮೇಜಿಗೆ ಹೋದೆ. ಕಂದು ಚುಕ್ಕೆಯ ಮೇಲೆ ಬಿಳಿ ಚೆಂಡನ್ನಿಟ್ಟು ಹೊಡೆದೆ. ಅದು ಹೋಯಿತು, ಬಂತು. ಸ್ವಲ್ಪ ಎಡಕ್ಕೆ.